ನಾಲೆಗೆ ಮುಂಚಿನ ಮಂಡ್ಯ, ನಾಲೆ ಬಂದ ಮೇಲಿನ ಮಂಡ್ಯ

ಪ್ರಶ್ನೆ: ನನ್ನ ತಂದೆಯವರ ಊರು ನಾಗಮಂಗಲ ತಾಲ್ಲೂಕಿನಲ್ಲಿದೆ. ತಾಯಿಯ ತವರು ಮದ್ದೂರು ತಾಲ್ಲೂಕಿನ ನಾಲಾ ಬಯಲಿನಲ್ಲಿದೆ. ಎರಡೂ ಒಂದೇ ಜಿಲ್ಲೆಯ ಊರುಗಳಾದರೂ ಹೊಲ, ಮನೆ, ಬದುಕು ಎಲ್ಲದರಲ್ಲಿಯೂ ಅಜಗಜಾಂತರ ವ್ಯತ್ಯಾಸವಿದೆ. ಕನ್ನಂಬಾಡಿ ಕಟ್ಟೆ ಕಟ್ಟುವ ಮುಂಚೆ ಮಂಡ್ಯದ ಸೀಮೆಯೆಲ್ಲ ಕುರುಚಲು ಕಾಡಾಗಿತ್ತು, ನಾಲೆ ಬಂದ ಮೇಲೆಯೇ ಊರುಗಳು ಹುಟ್ಟಿದವು ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಇದು ಎಷ್ಟರ ಮಟ್ಟಿಗೆ ನಿಜ? ಒಂದೇ ಜಿಲ್ಲೆಯಲ್ಲಿ ಇಷ್ಟು ಅಂತರ ಏಕೆ ಬಂತು?

ಉತ್ತರ: ತಮ್ಮ ಅಜ್ಜನವರ ಮಾತನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಅದು ಒಂದು ತಲೆಮಾರಿನ ಕಣ್ಣಿಗೆ ಕಂಡ ಸತ್ಯವೇ ಹೊರತು ಈ ಸೀಮೆಯ ಪೂರ್ತಿ ಚರಿತ್ರೆಯಲ್ಲ. ಮಂಡ್ಯದ ಬಹುಪಾಲು ಊರುಗಳು ನಾಲೆಗಿಂತ ಬಹಳ ಹಳೆಯವು. ಅವುಗಳಲ್ಲಿ ಎಷ್ಟೋ ಊರುಗಳಿಗೆ ಸಾವಿರ ವರ್ಷದ ದಾಖಲೆಯಿದೆ. ನಾಲೆ ಬಂದಾಗ ಜನ ಇಲ್ಲಿಯೇ ಇದ್ದರು, ಅವರ ಹೊಲಗಳೂ ಇಲ್ಲಿಯೇ ಇದ್ದವು. ಬದಲಾದದ್ದು ಆ ಹೊಲದ ಬೆಲೆ, ಅದರಲ್ಲಿ ಬೆಳೆಯುವ ಬೆಳೆ, ಅದನ್ನು ನಂಬಿ ಸಿಗುವ ಸಾಲ ಮತ್ತು ಅದರ ಸುತ್ತ ಕಟ್ಟಿಕೊಂಡಿದ್ದ ಸಂಬಂಧಗಳು. ನೀರು ಯಾವ ಗೆರೆಯವರೆಗೆ ಹರಿಯಿತು, ಎಲ್ಲಿಗೆ ನಿಂತಿತು ಎಂಬುದನ್ನು ಗುರುತಿಸಿದರೆ ತಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಆದ್ದರಿಂದ ಕೆರೆಯಿಂದಲೇ ಆರಂಭಿಸುತ್ತೇನೆ.

ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700 ಮಿಲಿಮೀಟರಿನ ಆಸುಪಾಸು. ಕೆಂಪು ಮರಳುಮಿಶ್ರಿತ ಮಣ್ಣು, ಕೆಳಗೆ ಗಟ್ಟಿ ಬಂಡೆ. ಇಂತಹ ನೆಲದಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು ಬೆಳೆಯಬಹುದು. ಭತ್ತ ಬೆಳೆಯಬೇಕಾದರೆ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸದೆ ಬೇರೆ ದಾರಿಯಿಲ್ಲ. ಹಾಗಾಗಿ ಇಲ್ಲಿ ಊರು ಕಟ್ಟುವುದೆಂದರೆ ಕೆರೆ ಕಟ್ಟುವುದೇ ಆಗಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ತಾವು ಕೇಳಿರಬಹುದು. ಕ್ರಿ.ಶ. 949–50ರ ಈ ಶಾಸನ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ, ಗಂಗರ ಬೂತುಗ ಮತ್ತು ಅವನ ವೀರ ಮಣಲೆರನ ಕಾಲದ್ದು. ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಕಾದಾಡಿ ಹಂದಿಯ ಜೊತೆಗೇ ಸತ್ತಿತೆಂಬ ಪ್ರಸಂಗದಿಂದ ಅದು ನಾಡಿನಲ್ಲೆಲ್ಲ ಹೆಸರಾಗಿದೆ. ವಸತಿಯ ಚರಿತ್ರೆಯನ್ನು ಹುಡುಕುವವರಿಗೆ ಅದೇ ಶಾಸನದ ಇನ್ನೊಂದು ಮಾತು ಹೆಚ್ಚು ಮುಖ್ಯ: ಆ ನಾಯಿಯ ನೆನಪಿಗೆ ನಿಲ್ಲಿಸಿದ ಕಲ್ಲಿನ ಪೂಜೆಗಾಗಿ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಬಿಟ್ಟರೆಂದು ಅದರಲ್ಲಿದೆ. ಅಂದರೆ ಹತ್ತನೆಯ ಶತಮಾನದಲ್ಲಿಯೇ ಇಲ್ಲಿ ಹಿರಿಯ ಕೆರೆಯೊಂದಿತ್ತು, ಅದರ ಕೆಳಗೆ ಅಚ್ಚುಕಟ್ಟಿತ್ತು, ಆ ಅಚ್ಚುಕಟ್ಟಿನ ಗದ್ದೆಯನ್ನು ಬೀಜದ ಅಳತೆಯಿಂದ ಲೆಕ್ಕ ಹಾಕುವ ವ್ಯವಸ್ಥೆಯಿತ್ತು. ಕುರುಚಲು ಕಾಡಿನಲ್ಲಿ ಇಂತಹ ಮಾತು ಹುಟ್ಟಲಾರದು.

ಹೊಯ್ಸಳರ ಕಾಲಕ್ಕೆ ಈ ಕೆರೆಗಳ ಜಾಲ ಇನ್ನಷ್ಟು ದಟ್ಟವಾಯಿತು. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ಜನರ ನಂಬಿಕೆ ರಾಮಾನುಜಾಚಾರ್ಯರ ಹೆಸರಿನೊಡನೆ ಸೇರಿಸುತ್ತದೆ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ನೀರು ನಿಲ್ಲಿಸಿದ ಆ ಕೆಲಸ ಇಂದಿಗೂ ನಿಂತಿದೆ. ಬಸರಾಳು, ಹೊಸಹೊಳಲು, ಕಿಕ್ಕೇರಿ, ನಾಗಮಂಗಲಗಳ ಹೊಯ್ಸಳ ದೇವಾಲಯಗಳನ್ನು ನಾವು ಶಿಲ್ಪಕ್ಕಾಗಿ ನೋಡಲು ಹೋಗುತ್ತೇವೆ. ಅಂತಹ ದೇವಾಲಯವೊಂದು ಪ್ರತಿನಿತ್ಯ ನಡೆಯಬೇಕಾದರೆ ಸುತ್ತ ಎಷ್ಟು ಗದ್ದೆ, ಎಷ್ಟು ಒಕ್ಕಲು, ಎಷ್ಟು ಕಸುಬಿನವರು ಇದ್ದಿರಬೇಕೆಂದು ಯೋಚಿಸಿದರೆ, ತಮ್ಮ ತಂದೆಯವರ ನಾಗಮಂಗಲವು ಆ ಕಾಲದಲ್ಲಿ ಮದ್ದೂರಿಗಿಂತ ಹಿಂದುಳಿದ ಸೀಮೆಯಾಗಿರಲಿಲ್ಲ ಎಂಬುದು ಹೊಳೆಯುತ್ತದೆ. ಕೆರೆಯ ಕಾಲದಲ್ಲಿ ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ತಕ್ಕಡಿಯಲ್ಲಿದ್ದವು. ತಾವು ಇಂದು ಕಾಣುವ ಅಂತರ ನೂರು ವರ್ಷಕ್ಕಿಂತ ಹಳೆಯದಲ್ಲ. ಇದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಕೆರೆಗಳ ನಂತರದ ಹಂತ ಹೊಳೆಯ ಆಣೆಕಟ್ಟುಗಳದ್ದು. ಕಾವೇರಿ ಆಳದಲ್ಲಿ ಹರಿಯುವ ನದಿಯಾದ್ದರಿಂದ ಅದರ ನೀರನ್ನು ದಡದ ಹೊಲಕ್ಕೆ ಏರಿಸಬೇಕಾದರೆ ಸಾಕಷ್ಟು ಮೇಲ್ಭಾಗದಲ್ಲಿ ಕಲ್ಲಿನ ಒಡ್ಡು ಹಾಕಿ, ಅಲ್ಲಿಂದ ಮೆಲ್ಲನೆ ಇಳಿಯುವ ನಾಲೆಯನ್ನು ತೋಡಬೇಕು. ಶ್ರೀರಂಗಪಟ್ಟಣದ ಸುತ್ತ ಮೈಸೂರಿನ ಒಡೆಯರು ಹದಿನೇಳನೆಯ ಶತಮಾನದಲ್ಲಿ ಮಾಡಿಸಿದ್ದು ಇದನ್ನೇ. ಬಂಗಾರದೊಡ್ಡಿ ನಾಲೆ ಮೇಲ್ಗಾಲುವೆಯ ಮೂಲಕ ಹೊಳೆಯ ಕವಲನ್ನು ದಾಟಿ ದ್ವೀಪಕ್ಕೆ ನೀರು ತರುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿದೆ. ವಿರಿಜಾ ನಾಲೆಯೂ ಹಾಗೆಯೇ. ರಾಜಧಾನಿ ಪಕ್ಕದಲ್ಲಿಯೇ ಇದ್ದುದರಿಂದ ಇಲ್ಲಿ ಬೆಳೆದ ಭತ್ತಕ್ಕೂ ಕಬ್ಬಿಗೂ ಕೊಳ್ಳುವವರಿದ್ದರು. ಕಬ್ಬು ಮಂಡ್ಯಕ್ಕೆ 1930ರ ದಶಕದಲ್ಲಿ ಬಂದ ಬೆಳೆಯೆಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ 1847ರಲ್ಲಿಯೇ ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯೊಂದು ಆರಂಭವಾಗಿ, ರೈತರು ಆಲೆಮನೆಗಳಲ್ಲಿ ಮಾಡಿದ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿತ್ತು. ಆದರೆ ಈ ಸಮೃದ್ಧಿ ಹೊಳೆಯ ಎರಡು ದಡಗಳ ಕಿರಿದಾದ ಪಟ್ಟಿಗೆ ಸೀಮಿತವಾಗಿತ್ತು. ಆ ಪಟ್ಟಿಯಿಂದ ಒಂದೆರಡು ಹರದಾರಿ ಆಚೆ ನಡೆದರೆ ಮತ್ತೆ ಬೆದ್ದಲು, ಅಂದರೆ ಮಳೆಯನ್ನೇ ನಂಬಿದ ಒಣ ಹೊಲ, ಮತ್ತೆ ರಾಗಿ.

ಹಾಗಾದರೆ ಅಜ್ಜನವರ ಕುರುಚಲು ಕಾಡು ಎಲ್ಲಿಂದ ಬಂತು? ಎರಡು ವಿಪತ್ತುಗಳು ಅದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಮೊದಲನೆಯದು ಯುದ್ಧ. 1791–92ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೇನೆ ಶ್ರೀರಂಗಪಟ್ಟಣದ ಮೇಲೆ ಬಂದಾಗ, ಶತ್ರುವಿಗೆ ಮೇವು ಧಾನ್ಯ ದೊರೆಯಬಾರದೆಂದು ಅದು ಬರುವ ದಾರಿಯ ಸೀಮೆಯನ್ನೆಲ್ಲ ಟಿಪ್ಪುವಿನ ಕಡೆಯವರೇ ಬರಿದು ಮಾಡಿದರು. ಉಳಿದದ್ದನ್ನು ದಾಳಿಯ ಸೇನೆಗಳು ಮುಗಿಸಿದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಶ್ರೀರಂಗಪಟ್ಟಣದ ಜನ ಚದುರಿದರು. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸೀಮೆಯ ಸಮೀಕ್ಷೆ ಮಾಡುತ್ತ ಈ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಉಳುವವರಿಲ್ಲದೆ ಬಿದ್ದ ಹೊಲಗಳನ್ನೂ ಜನ ಬಿಟ್ಟುಹೋದ ಊರುಗಳನ್ನೂ ಬರೆದಿಟ್ಟಿದ್ದಾನೆ. ಎರಡನೆಯದು 1876–78ರ ಮಹಾಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದದ್ದು 1881ರಲ್ಲಿ 42 ಲಕ್ಷದೊಳಕ್ಕೆ ಇಳಿಯಿತು. ಬೆದ್ದಲನ್ನೇ ನಂಬಿದ್ದ ಸೀಮೆಗಳಲ್ಲಿ ಆ ಪೆಟ್ಟು ಹೇಗಿದ್ದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಂದಾಯ ಇಲಾಖೆಯ ಕಡತಗಳಲ್ಲಿ ಇಂದಿಗೂ ಕಾಣುವ ‘ಬೇಚಿರಾಕ್ ಗ್ರಾಮ’ ಎಂಬ ಮಾತಿನ ಅರ್ಥ ದೀಪವಿಲ್ಲದ ಊರು, ಅಂದರೆ ಮನೆಯಲ್ಲಿ ದೀಪ ಹಚ್ಚುವವರೇ ಇಲ್ಲದೆ ಹಾಳುಬಿದ್ದ ಊರು. ಅಜ್ಜನವರಿಗೆ ಅವರ ಹಿರಿಯರು ಹೇಳಿದ ಕುರುಚಲು ಕಾಡು ಆದಿಯಿಂದ ಇದ್ದ ಕಾಡಲ್ಲ. ಬಹುಮಟ್ಟಿಗೆ ಅದು ಒಂದು ಕಾಲದಲ್ಲಿ ಉತ್ತು ಬಿತ್ತಿದ ನೆಲ, ಕೈಗಳಿಲ್ಲದೆ ಮತ್ತೆ ಪೊದೆ ಬೆಳೆದ ನೆಲ.

ಕ್ಷಾಮದ ನಂತರ ಜನ ಮತ್ತೆ ನೆಲೆಗೊಂಡ ಬಗೆಯನ್ನು ಊರುಗಳ ಹೆಸರುಗಳು ಸ್ವಲ್ಪಮಟ್ಟಿಗೆ ತೋರಿಸುತ್ತವೆ, ಆದರೆ ಹೆಸರೊಂದನ್ನೇ ಆಧಾರವಾಗಿಟ್ಟುಕೊಂಡು ಕಾಲ ನಿರ್ಣಯ ಮಾಡುವುದು ಸರಿಯಲ್ಲ. ಮದ್ದೂರು, ಮಳವಳ್ಳಿ ಕಡೆಯ ‘ದೊಡ್ಡಿ’ಗಳು ದನದ ದೊಡ್ಡಿಗಳಾಗಿ ಹುಟ್ಟಿ, ಕಾವಲಿಗೆ ಹೋದವರು ಅಲ್ಲಿಯೇ ಗುಡಿಸಲು ಹಾಕಿಕೊಂಡು ಊರಾದ ಜಾಗಗಳು, ಇಂದಿನ ಭಾರತೀನಗರದ ಮೂಲ ಹೆಸರು ಕಾಳಮುದ್ದನದೊಡ್ಡಿ ಎಂಬುದನ್ನು ತಾಯಿಯವರ ಕಡೆಯವರು ಬಲ್ಲರು. ‘ಕೊಪ್ಪಲು’ಗಳು ದೊಡ್ಡ ಊರಿನ ಮಗ್ಗುಲಲ್ಲಿ ಹೊಲಕ್ಕೆ ಹತ್ತಿರವೆಂದು ಕವಲೊಡೆದ ಸಣ್ಣ ಊರುಗಳು. 1882ರ ಹೊತ್ತಿಗೆ ಬೆಂಗಳೂರು–ಮೈಸೂರು ರೈಲುದಾರಿ ಪೂರ್ತಿಯಾಗಿ ಮದ್ದೂರು, ಮಂಡ್ಯಗಳು ರೈಲು ನಿಲ್ದಾಣದ ಊರುಗಳಾದವು. ಅದರ ಬೆಲೆ ತಿಳಿದದ್ದು ಐವತ್ತು ವರ್ಷಗಳ ನಂತರ, ಸಕ್ಕರೆ ಕಾರ್ಖಾನೆಗೆ ಜಾಗ ಹುಡುಕುವಾಗ.

ಈಗ ಕನ್ನಂಬಾಡಿಗೆ ಬರೋಣ. ಈ ಅಣೆಕಟ್ಟನ್ನು ಮಂಡ್ಯದ ರೈತನಿಗಾಗಿಯೇ ಕಟ್ಟಿದರೆಂಬುದು ನಮ್ಮ ಜನಮನದಲ್ಲಿ ಬೇರೂರಿರುವ ನಂಬಿಕೆ. ಆರಂಭದ ಒತ್ತಡ ಮಾತ್ರ ವಿದ್ಯುತ್ತಿನದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯತೊಡಗಿತು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಯಂತ್ರಗಳಿಗೆ ನೀರು ಸಾಲದೆ ಬರುತ್ತಿತ್ತು, ಗಣಿಗಳಿಗೆ ಒಪ್ಪಿಕೊಂಡಷ್ಟು ಶಕ್ತಿ ಕೊಡಲೇಬೇಕಾಗಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬಿಡುವ ಜಲಾಶಯ ಬೇಕೆಂಬ ವಾದಕ್ಕೆ ಇದೇ ಬಲ ಕೊಟ್ಟಿತು. 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರ ದೊಡ್ಡತನವಿರುವುದು ವಿದ್ಯುತ್ತಿನ ಯೋಜನೆಯೊಳಗೆ ನೀರಾವರಿಯ ಯೋಜನೆಯನ್ನೂ ಸೇರಿಸಿ ನೋಡಿದ್ದರಲ್ಲಿ. 1911ರಲ್ಲಿ ಕೆಲಸ ಆರಂಭವಾಯಿತು. ಮದ್ರಾಸ್ ಸರ್ಕಾರ ಒಪ್ಪಿದ್ದು ಮೊದಲ ಹಂತದ ಸಣ್ಣ ಜಲಾಶಯಕ್ಕೆ ಮಾತ್ರ. ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರದ ಕಟ್ಟೆಗೆ ತಕ್ಕಂತೆ ಹಾಕಲಾಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದ ಕಟ್ಟೆ ಅದು. ನೀರಿನ ಹಕ್ಕಿನ ವಿವಾದ ಎಳೆದಾಡಿ, 1924ರ ಒಪ್ಪಂದದಲ್ಲಿ ಕೃಷ್ಣರಾಜಸಾಗರದ ಕೆಳಗೆ ಹೊಸದಾಗಿ 1,25,000 ಎಕರೆಗೆ ನೀರುಣಿಸಲು ಮೈಸೂರಿಗೆ ಅವಕಾಶ ದೊರೆತ ಮೇಲೆಯೇ ದೊಡ್ಡ ನಾಲೆಯ ಕೆಲಸಕ್ಕೆ ದಾರಿಯಾಯಿತು. ಮಂಡ್ಯದ ಇಂದಿನ ನಕ್ಷೆ ಹುಟ್ಟಿದ್ದು ಈ ಒಪ್ಪಂದದಿಂದ. ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ಮುಳುಗಿದವು, ಅಲ್ಲಿನ ಒಕ್ಕಲುಗಳು ಹೊಸ ನೆಲೆ ಹುಡುಕಿಕೊಂಡರು. ನಾಲಾ ಬಯಲಿನ ಸಿರಿಯನ್ನು ನೆನೆಯುವಾಗ ನಾವು ಇವರನ್ನು ನೆನೆಯುವುದು ಅಪರೂಪ.

ಆಗಿನ ವೈಸರಾಯ್ ಇರ್ವಿನ್ನನ ಹೆಸರು ಹೊತ್ತು, ನಂತರ ವಿಶ್ವೇಶ್ವರಯ್ಯ ನಾಲೆಯಾದ ಈ ಕಾಲುವೆಯ ಹಾದಿಯನ್ನು ನೆಲದ ಮೇಲೆ ನಡೆದು ನೋಡಿದವರಿಗೆ ತಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ನಾಲೆ ಇಳಿಜಾರನ್ನು ಬಿಟ್ಟು ಹರಿಯಲಾರದು. ತನ್ನ ಮಟ್ಟವನ್ನು ಕಾಯ್ದುಕೊಂಡು ಗುಡ್ಡದ ಮಗ್ಗುಲಲ್ಲಿ ಸುತ್ತಿಕೊಂಡು ಹೋಗುತ್ತದೆ. ಅಡ್ಡ ಬಂದ ಬೆಟ್ಟಸಾಲನ್ನು ಹುಲಿಕೆರೆಯ ಬಳಿ ಸುಮಾರು 2.8 ಕಿಲೋಮೀಟರ್ ಉದ್ದದ ಸುರಂಗದಿಂದ ದಾಟಿಸಲಾಯಿತು. ಆ ಸುರಂಗವಿಲ್ಲದಿದ್ದರೆ ಕಾವೇರಿಯ ನೀರು ಶಿಂಷಾ ಕಣಿವೆಯ ಮಂಡ್ಯ, ಮದ್ದೂರುಗಳನ್ನು ಕಾಣುತ್ತಿರಲಿಲ್ಲ. ಸುರಂಗದ ಆಚೆ ನೀರು ಮೂರು ತಾಲ್ಲೂಕುಗಳಲ್ಲಿ ಹರಡಿಕೊಂಡಿತು. ಆದರೆ ನಾಗಮಂಗಲವಿರುವುದು ಲೋಕಪಾವನಿ, ವೀರವೈಷ್ಣವಿಗಳಂತಹ ಸಣ್ಣ ಹೊಳೆಗಳು ಹುಟ್ಟುವ ಎತ್ತರದಲ್ಲಿ, ನಾಲೆಯ ಮಟ್ಟಕ್ಕಿಂತ ಮೇಲೆ. ಅಲ್ಲಿಗೆ ನೀರು ಏರಲಿಲ್ಲ. ತಂದೆಯವರ ಊರಿನ ಜನರ ಉದ್ಯಮಶೀಲತೆಯಲ್ಲಿ ಏನೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ನೆಲದ ಮಟ್ಟದಲ್ಲಿ.

ನೀರು ಬಂದ ಕೂಡಲೇ ರೈತರು ಕುಣಿದಾಡಿದರೆಂದು ತಿಳಿಯಬೇಡಿ. ಇಳಿಜಾರಿನ ಬೆದ್ದಲನ್ನು ಗದ್ದೆ ಮಾಡಬೇಕಾದರೆ ಮಟ್ಟ ಮಾಡಿ ಬದು ಕಟ್ಟಬೇಕು. ಅದಕ್ಕೆ ಎತ್ತು, ಆಳು, ಹಣ ಬೇಕು. ಭತ್ತಕ್ಕೆ ಬೇಕಾಗುವಷ್ಟು ಗೊಬ್ಬರ ರಾಗಿಯವನ ತಿಪ್ಪೆಯಲ್ಲಿ ಇರಲಿಲ್ಲ. ನೀರಿನ ಕಂದಾಯ, ಭೂಮಿಯ ಬೆಲೆ ಏರಿದ್ದಕ್ಕೆ ಸರ್ಕಾರ ಕೇಳಿದ ವಂತಿಗೆ, ಯಾವ ಭಾಗದಲ್ಲಿ ಯಾವ ಬೆಳೆ ಇಡಬೇಕೆಂಬ ಸರದಿಯ ಕಟ್ಟುಪಾಡು ಇವೆಲ್ಲ ರೈತರಿಗೆ ಭಾರವಾದವು. 1930ರ ದಶಕದ ಆರಂಭದಲ್ಲಿ ಎಚ್.ಕೆ. ವೀರಣ್ಣಗೌಡರಂಥವರ ಮುಂದಾಳತ್ವದಲ್ಲಿ ನಡೆದ ಇರ್ವಿನ್ ನಾಲಾ ಚಳವಳಿ ಇದರ ಫಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿ ಶಿವಪುರ ಧ್ವಜ ಸತ್ಯಾಗ್ರಹ ನಡೆದಾಗ ಹಳ್ಳಿಗಳಿಂದ ಜನ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬಂದದ್ದಕ್ಕೆ ನಾಲಾ ಚಳವಳಿ ಕಲಿಸಿದ ಸಂಘಟನೆಯೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ನೀರಿನ ಜೊತೆಗೆ ಮಲೇರಿಯಾ ಕೂಡ ಬಂತು. ಬಸಿದ ನೀರು ತಗ್ಗಿನ ಹೊಲಗಳಲ್ಲಿ ನಿಂತು ಜೌಗಾಯಿತು, ಆ ಜೌಗಿನಲ್ಲಿ ಸೊಳ್ಳೆ ಹುಟ್ಟಿತು, ಚಳಿಜ್ವರದಿಂದ ನಲುಗಿದ ಮನೆಗಳು ನಾಲಾ ಬಯಲಿನಲ್ಲಿ ಅನೇಕ.

ಈ ಹಿಂಜರಿಕೆಯನ್ನು ಮುರಿದದ್ದು ನೀರೊಂದೇ ಅಲ್ಲ. ಕಾರ್ಖಾನೆ ಮತ್ತು ಪ್ರಯೋಗ ಕ್ಷೇತ್ರ. ಇದು ಮಂಡ್ಯದ ಚರಿತ್ರೆಯಲ್ಲಿ ಅತ್ಯಂತ ಮುಖ್ಯವಾದ, ಆದರೆ ಕಡಿಮೆ ಗಮನ ಪಡೆದ ಸಂಗತಿ. 1929ರ ನಂತರದ ಆರ್ಥಿಕ ಕುಸಿತದಲ್ಲಿ ಧಾನ್ಯದ ಬೆಲೆ ಬಿದ್ದುಹೋಗಿತ್ತು. ಭತ್ತವನ್ನೇ ನಂಬಿದ್ದರೆ ಹೊಸ ಗದ್ದೆಯವನು ಸಾಲದಲ್ಲಿ ಮುಳುಗುತ್ತಿದ್ದ. ಅದೇ ಹೊತ್ತಿಗೆ, 1932ರಲ್ಲಿ, ಹೊರದೇಶದ ಸಕ್ಕರೆಗೆ ಭಾರಿ ಸುಂಕ ಹಾಕಿ ದೇಶದ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯಿದೆ ಬಂತು. ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಅವಕಾಶವನ್ನು ಕಂಡವರು. ಅಡಿಕೆಯ ಕೊಳೆರೋಗಕ್ಕೆ ಮದ್ದು ತೋರಿಸಿಕೊಟ್ಟವರೆಂದು ಮಲೆನಾಡಿನವರು ಇವರನ್ನು ನೆನೆಯುತ್ತಾರೆ. ಮಂಡ್ಯದವರಿಗೆ ಇವರು ಸಕ್ಕರೆ ಕಾರ್ಖಾನೆಯ ಕೋಲ್ಮನ್. ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಇರ್ವಿನ್ ನಾಲಾ ಕ್ಷೇತ್ರವೆಂದು 1931ರಲ್ಲಿ ಆರಂಭವಾದ, ಇಂದು ಎಲ್ಲರೂ ವಿ.ಸಿ. ಫಾರಂ ಎನ್ನುವ ಕೃಷಿ ಸಂಶೋಧನಾ ಕೇಂದ್ರವು ಈ ನೆಲಕ್ಕೆ ಒಗ್ಗುವ ಬೆಳೆಗಳ ಪ್ರಯೋಗಕ್ಕೆ ತೊಡಗಿತ್ತು.

ಕಾರ್ಖಾನೆಯೊಡನೆ ರೈತ ಮಾಡಿಕೊಳ್ಳುತ್ತಿದ್ದ ಕರಾರನ್ನು ಮಂಡ್ಯದ ಮಾತಿನಲ್ಲಿ ಒಪ್ಪಿಗೆ ಎನ್ನುತ್ತಾರೆ. ಒಪ್ಪಿಗೆ ಕಬ್ಬಿಗೆ ಕಾರ್ಖಾನೆಯೇ ಬಿತ್ತನೆ ತುಂಡು, ಗೊಬ್ಬರ, ಮುಂಗಡ ಹಣ ಕೊಟ್ಟು, ಕಬ್ಬು ಅರೆದ ಮೇಲೆ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತಿತ್ತು. ಸಾಹುಕಾರನ ಬಡ್ಡಿಯನ್ನು ಬಿಟ್ಟರೆ ಬೇರೆ ಸಾಲವನ್ನೇ ಕಾಣದಿದ್ದ ಎರಡು ಎಕರೆಯ ಒಕ್ಕಲಿಗೆ ಇದು ಎಷ್ಟು ದೊಡ್ಡ ಆಸರೆಯಾಗಿತ್ತೆಂಬುದನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಬೆಳೆದ ಮಾಲಿಗೆ ಖಚಿತವಾದ ಬೆಲೆ, ಖಚಿತವಾದ ಗಿರಾಕಿ, ಅದರ ಮೇಲೆ ಸಾಲ: ಇವು ಸೇರಿದ್ದರಿಂದಲೇ ಇಲ್ಲಿ ನೀರಾವರಿಯ ಲಾಭ ದೊಡ್ಡ ಜಮೀನ್ದಾರನ ಕೈಗೆ ಹೋಗದೆ ಸಣ್ಣ ಹಿಡುವಳಿದಾರನ ಮನೆಯಲ್ಲಿಯೇ ಬಹುಮಟ್ಟಿಗೆ ಉಳಿಯಿತು. ಹೆಂಚಿನ ಮನೆ, ಹೈಸ್ಕೂಲು, ಮಗಳ ಮದುವೆ, ಊರ ಮುಂದಿನ ಗುಡಿಯ ಜೀರ್ಣೋದ್ಧಾರ ಎಲ್ಲವೂ ಕಬ್ಬಿನ ಬಿಲ್ಲಿನ ಲೆಕ್ಕದಲ್ಲಿ ನಡೆದವು. ಅಷ್ಟಾದರೂ ನಾಲಾ ಬಯಲಿನವರು ಮುದ್ದೆಯನ್ನು ಬಿಡಲಿಲ್ಲ. ಭತ್ತವನ್ನು ಮಾರಿ, ಮನೆಗೆ ರಾಗಿ ತಂದರು.

1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಏಳು ತಾಲ್ಲೂಕುಗಳನ್ನು ಬೇರ್ಪಡಿಸಿ ಮಂಡ್ಯ ಜಿಲ್ಲೆಯನ್ನು ಮಾಡಲಾಯಿತು. ನೀರು ಕಂಡ ತಾಲ್ಲೂಕುಗಳೂ ಕಾಣದ ತಾಲ್ಲೂಕುಗಳೂ ಒಂದೇ ಆಡಳಿತದ ಕೆಳಗೆ ಬಂದವು. ನಾಲೆಯ ಗೆರೆಯ ಎರಡು ಬದಿಗಳಲ್ಲಿ ಏನಾಯಿತೆಂಬುದನ್ನು 1950ರ ದಶಕದ ಮಧ್ಯಭಾಗದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಬಹಳ ಸೂಕ್ಷ್ಮವಾಗಿ ಗಮನಿಸಿದರು. ಊರುಗಳ ನಿಜ ಹೆಸರನ್ನು ಮರೆಮಾಡಿ ಅವರು ಒಂದನ್ನು ವಂಗಲ, ಇನ್ನೊಂದನ್ನು ದಾಲೇನ ಎಂದು ಕರೆದರು. ವಂಗಲಕ್ಕೆ ನೀರು ಬಂದಿತ್ತು. ದಾಲೇನದ ಹೊಲಗಳು ನಾಲೆಯ ಮಟ್ಟಕ್ಕಿಂತ ಮೇಲಿದ್ದುದರಿಂದ ಒಣಗಿಯೇ ಉಳಿದವು. ಬದಲಾವಣೆ ಹೆಚ್ಚಾಗಿ ಆದದ್ದು ನೀರು ಬಂದ ಊರಿನಲ್ಲಿ ಎಂದು ನಾವು ಊಹಿಸುತ್ತೇವೆ. ಅವರು ಕಂಡದ್ದು ಬೇರೆ. ವಂಗಲದವರು ಶ್ರೀಮಂತರಾದರೂ ಕೃಷಿಕರಾಗಿಯೇ ಉಳಿದರು. ಯಜಮಾನರ ಮಾತು, ಒಕ್ಕಲು ಮತ್ತು ಆಳಿನ ಹಳೆಯ ಸಂಬಂಧ, ಹಬ್ಬದ ಕಟ್ಟಳೆ ಬಹುತೇಕ ಹಾಗೆಯೇ ಮುಂದುವರಿದವು. ದಾಲೇನದವರಿಗೆ ಹೊಲದಲ್ಲಿ ದಾರಿ ಕಾಣದೆ, ಮಂಡ್ಯದ ಕಾರ್ಖಾನೆಯಲ್ಲಿ, ಕಚೇರಿಗಳಲ್ಲಿ ಕೆಲಸ ಹಿಡಿದರು, ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ನೀರಾವರಿಯ ಊರುಗಳಲ್ಲಿ ಜಮೀನು ಕೊಂಡರು. ಆ ಓಡಾಟದಲ್ಲಿ ಊರಿನ ಹಳೆಯ ಕಟ್ಟು ಸಡಿಲವಾಯಿತು. ತಮ್ಮ ತಂದೆಯ ಕಡೆಯವರಲ್ಲಿ ಎಷ್ಟು ಮಂದಿ ಊರು ಬಿಟ್ಟು ಹೊರಗೆ ನೆಲೆಸಿದ್ದಾರೆ, ತಾಯಿಯ ಕಡೆಯವರಲ್ಲಿ ಎಷ್ಟು ಮಂದಿ ಗದ್ದೆಯಲ್ಲಿಯೇ ಉಳಿದಿದ್ದಾರೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಈ ಮಾತಿನ ಬಲ ತಮಗೇ ತಿಳಿಯುತ್ತದೆ.

ಈ ಸಮೃದ್ಧಿಯಲ್ಲಿ ಎಲ್ಲರಿಗೂ ಪಾಲು ಸಿಗಲಿಲ್ಲ ಎಂಬುದನ್ನು ಹೇಳದೆ ಹೋದರೆ ಉತ್ತರ ಅಪೂರ್ಣವಾಗುತ್ತದೆ. ನೀರು ಹೊಲವಿದ್ದವನ ಆಸ್ತಿಯನ್ನು ಬೆಳೆಸಿತು. ಹೊಲವೇ ಇಲ್ಲದವನಿಗೆ ಕೂಲಿಯ ದಿನಗಳನ್ನು ಹೆಚ್ಚಿಸಿತು, ಅಷ್ಟೇ. ಒಕ್ಕಲು ಮನೆಗಳಿಗೆ ತಲೆಮಾರುಗಳಿಂದ ಕಟ್ಟುಬಿದ್ದಿದ್ದ ದಲಿತ ಕುಟುಂಬಗಳನ್ನು ‘ಹಳೇಮಗ’ ಎಂದು ಕರೆದು, ಸುಗ್ಗಿಯಲ್ಲಿ ಕಣದ ಧಾನ್ಯ ಅಳೆದುಕೊಟ್ಟು ವರ್ಷವಿಡೀ ದುಡಿಸಿಕೊಳ್ಳುವ ಪದ್ಧತಿ ಕಬ್ಬಿನ ಕಾಲದಲ್ಲಿಯೂ ಮುಂದುವರಿಯಿತು. ಗದ್ದೆ ನಾಟಿ, ಕಳೆ, ಕಟಾವು ಎಂದು ಬಗ್ಗಿದ ಬೆನ್ನು ಎತ್ತದೆ ದುಡಿದ ಹೆಂಗಸರ ಹೆಸರಿನಲ್ಲಿ ಗದ್ದೆಯಿರಲಿಲ್ಲ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಆದರೆ ಮಂಡ್ಯದ ನಾಲಾ ಬಯಲಿನಲ್ಲಿ ಉಳುವವನೇ ಒಡೆಯನಾಗಿದ್ದದ್ದು ಹೆಚ್ಚು; ಗೇಣಿದಾರನೂ ಅಲ್ಲದ, ಬರಿಯ ಕೂಲಿಯವನಿಗೆ ಆ ಕಾಯಿದೆಯಿಂದ ದೊರೆತದ್ದು ಕಡಿಮೆ.

ನಾಗಮಂಗಲದ ಕಡೆಗೆ ಮತ್ತೆ ಬರುತ್ತೇನೆ. ಬೆದ್ದಲು ಸೀಮೆಗೆ ವಿಜ್ಞಾನದ ನೆರವು ಬಂದದ್ದು, ಆಶ್ಚರ್ಯವೆನಿಸಿದರೂ, ನೀರಾವರಿಗಾಗಿ ಕಟ್ಟಿದ ವಿ.ಸಿ. ಫಾರಂನಿಂದಲೇ. ‘ರಾಗಿ ಬ್ರಹ್ಮ’ ಎಂದೇ ಹೆಸರಾದ ಲಕ್ಷ್ಮಣಯ್ಯನವರು ಅಲ್ಲಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಅವುಗಳಿಂದ ರಾಗಿಯ ಇಳುವರಿ ಏರಿದ ಬಗೆಯನ್ನು ತಂದೆಯವರ ವಯಸ್ಸಿನವರು ಸ್ವತಃ ಕಂಡಿರುತ್ತಾರೆ. ಕಬ್ಬಿನ ಕಾರ್ಖಾನೆಗೆ ಇರುವಷ್ಟು ಕೀರ್ತಿ ಈ ಕೆಲಸಕ್ಕೆ ದೊರೆತಿಲ್ಲ. ದೊರೆಯಬೇಕಾಗಿತ್ತೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಗೊರೂರಿನ ಬಳಿಯ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಅದರ ಎಡದಂಡೆ ನಾಲೆ ಕೃಷ್ಣರಾಜಪೇಟೆ, ನಾಗಮಂಗಲಗಳ ಕೆಲವು ಭಾಗಗಳಿಗೆ ನೀರು ತಂದಿತು. ಆದರೆ ವಿಶ್ವೇಶ್ವರಯ್ಯ ನಾಲೆಯ ಜೊತೆಜೊತೆಗೆ ಬಂದ ಕಾರ್ಖಾನೆ, ಸಾಲ, ಸಂಶೋಧನೆಯ ಕೂಟ ಇಲ್ಲಿ ಅದೇ ಬಗೆಯಲ್ಲಿ ಕೂಡಿಬರಲಿಲ್ಲ. ಆದ್ದರಿಂದ ಈ ತಾಲ್ಲೂಕುಗಳ ಜನ ದುಡಿಮೆಯನ್ನು ಹೊರಗೆ ಹುಡುಕಿದರು. ಬೆಂಗಳೂರಷ್ಟೇ ಅಲ್ಲ, ಕೃಷ್ಣರಾಜಪೇಟೆ, ನಾಗಮಂಗಲಗಳ ಸಾವಿರಾರು ಕುಟುಂಬಗಳಿಗೆ ಮುಂಬಯಿ ಎರಡನೆಯ ಊರಾಯಿತು. 2020ರ ಮೇ ತಿಂಗಳಲ್ಲಿ ಲಾಕ್‌ಡೌನಿನಿಂದ ಕಂಗೆಟ್ಟ ಅವರು ಊರಿಗೆ ಮರಳಿದಾಗಲೇ ಈ ವಲಸೆಯ ಗಾತ್ರ ಹೊರಗಿನವರ ಕಣ್ಣಿಗೆ ಬಿದ್ದದ್ದು. ಶಿಕ್ಷಣದ ವಿಷಯದಲ್ಲಿಯೂ ಎರಡು ಬದಿಗಳ ದಾರಿ ಬೇರೆ: ಮಂಡ್ಯದಲ್ಲಿ ಕೆ.ವಿ. ಶಂಕರಗೌಡರು ಜನತಾ ಶಿಕ್ಷಣ ಸಂಸ್ಥೆಯನ್ನು ಕಟ್ಟಿ 1962ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರೆ, ನಾಗಮಂಗಲದ ಕಡೆ ಆ ಹೊಣೆಯನ್ನು ಹೆಚ್ಚಾಗಿ ಹೊತ್ತದ್ದು ಆದಿಚುಂಚನಗಿರಿ ಮಠ.

ನಾಲಾ ಬಯಲಿನ ಬದುಕು ಈಗ ಅಜ್ಜನವರು ಕಂಡಂತೆ ಉಳಿದಿಲ್ಲ. 1991ರಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದಂದಿನಿಂದ ಮಳೆ ಕೈಕೊಟ್ಟ ವರ್ಷಗಳಲ್ಲೆಲ್ಲ ನೀರು ಯಾರಿಗೆ, ಎಷ್ಟು ಎಂಬ ಪ್ರಶ್ನೆ ಮಂಡ್ಯದ ಬೀದಿಗೆ ಬರುತ್ತಿದೆ. 2018ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿತಾದರೂ ಬರಗಾಲದ ವರ್ಷದ ಸಂಕಟ ಅದರಿಂದ ತೀರಲಿಲ್ಲ. ಕಟ್ಟು ನೀರಿನ ಪದ್ಧತಿಯಲ್ಲಿ ಸರದಿ ಬಂದಾಗಲೂ ಮದ್ದೂರು, ಮಳವಳ್ಳಿಗಳ ಕೊನೆ ಭಾಗದ ಗದ್ದೆಗೆ ನೀರು ತಲುಪುವ ಖಾತ್ರಿಯಿಲ್ಲ. ಮಂಡ್ಯದ ಹಳೆಯ ಕಾರ್ಖಾನೆ ನಷ್ಟಕ್ಕೆ ಸಿಕ್ಕಿ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಲು ತೊಡಗಿತು. ಅದು ನಿಂತಿದ್ದಾಗ ರೈತರು ಕಳೆದುಕೊಂಡದ್ದು ಗಿರಾಕಿಯನ್ನಷ್ಟೇ ಅಲ್ಲ, 1933ರಿಂದ ಅವರನ್ನು ಎತ್ತಿ ನಿಲ್ಲಿಸಿದ್ದ ಒಪ್ಪಿಗೆಯ ಭರವಸೆಯನ್ನು. ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17,63,705 ಇದ್ದದ್ದು 2011ರಲ್ಲಿ 18,05,769 ಆಯಿತು. ಹತ್ತು ವರ್ಷದಲ್ಲಿ ನೂರಕ್ಕೆ ಎರಡೂವರೆಯಷ್ಟೂ ಏರಲಿಲ್ಲ. ಹಿಂದೆ ದಾಲೇನದವರು ಮಾತ್ರ ಹಿಡಿದಿದ್ದ ಹೊರದಾರಿಯನ್ನು ಈಗ ವಂಗಲದ ಮೊಮ್ಮಕ್ಕಳೂ ಹಿಡಿದಿದ್ದಾರೆಂದು ನಾನು ಈ ಅಂಕಿಗಳನ್ನು ಓದುತ್ತೇನೆ.

ತಮ್ಮ ಎರಡು ಊರುಗಳ ಚರಿತ್ರೆಯನ್ನು ತಾವೇ ಹುಡುಕಬೇಕೆಂದಿದ್ದರೆ ಒಂದು ದಾರಿ ಹೇಳುತ್ತೇನೆ. ತಾಲ್ಲೂಕು ಕಚೇರಿಯಲ್ಲಿ ಎರಡೂ ಗ್ರಾಮಗಳ ಹಳೆಯ ಗ್ರಾಮ ನಕಾಶೆ ಮತ್ತು ಆಕಾರಬಂದಿನ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯಗಳ ಪಟ್ಟಿಯ) ನಕಲನ್ನು ಕೇಳಿ ಪಡೆಯಿರಿ. ಯಾವ ಸರ್ವೆ ನಂಬರು ಖುಷ್ಕಿ (ಒಣ ಹೊಲ), ಯಾವುದು ತರಿ (ಗದ್ದೆ), ಯಾವುದು ಬಾಗಾಯ್ತು (ತೋಟ) ಎಂಬುದನ್ನು ಬಣ್ಣ ಹಚ್ಚಿ ಗುರುತು ಮಾಡಿ. ಮದ್ದೂರಿನ ಊರಿನಲ್ಲಿ ಕೆರೆಯ ಏರಿಗೆ ಅಂಟಿಕೊಂಡ ತರಿ ಜಮೀನು ನಾಲೆಗಿಂತ ಹಳೆಯ ಊರನ್ನು ತೋರಿಸುತ್ತದೆ. ಖುಷ್ಕಿಯಾಗಿದ್ದು ನಂತರ ತರಿಗೆ ತಿರುಗಿದ ಜಮೀನು ನಾಲೆ ಮಾಡಿದ ಊರನ್ನು ತೋರಿಸುತ್ತದೆ. ನಾಗಮಂಗಲದ ಊರಿನಲ್ಲಿ ಕೆರೆಯ ಅಂಗಳ, ಕೋಡಿ ಮತ್ತು ತೂಬಿನ ಕೆಳಗಿನ ಹಳೆಯ ಗದ್ದೆಗಳನ್ನು ಹುಡುಕಿ. ಪಕ್ಕದಲ್ಲೆಲ್ಲಾದರೂ ಬೇಚಿರಾಕ್ ಎಂದು ನಮೂದಾದ ಗ್ರಾಮವಿದ್ದರೆ, ಆ ಹಾಳೂರಿನ ದೇವರಿಗೆ ಈಗಲೂ ಪೂಜೆ ಮಾಡಲು ಹೋಗುವ ಮನೆತನ ಯಾವುದೆಂದು ಹಿರಿಯರನ್ನು ವಿಚಾರಿಸಿ. ಅಲ್ಲಿಂದ ಎದ್ದು ಬಂದವರು ಯಾವ ಊರಿನಲ್ಲಿ ನೆಲೆಸಿದರೆಂಬುದು ಅನೇಕ ಸಲ ಆ ಒಂದು ಪ್ರಶ್ನೆಯಿಂದಲೇ ತಿಳಿದುಬರುತ್ತದೆ.